ಧೂಳಿನ ಕಾಲಂ

ಈ ಸಲ ಗ್ರಂಥಾಲಯ ಬೇಡ ಅಂದೆ.
ವಿಭಾಗದ ಕಪಾಟಿನಲ್ಲಿ ಈಗಾಗಲೇ ನಲವತ್ತೊಂದು ಗ್ರಂಥಾಲಯಗಳಿವೆ,
ಬಂಗಾರದ ಅಕ್ಷರ, ಸ್ಪೈರಲ್ ಬೈಂಡಿಂಗು,
ಬಸ್‌ಸ್ಟ್ಯಾಂಡಿನ ಹಿಂದೆ ಐದು ಸಾವಿರಕ್ಕೊಂದು.
ನಮ್ಮ ಲೈಬ್ರರಿಯ ಅಣ್ಣಾರಾಯರು ಮಾತ್ರ
ಇವತ್ತಿಗೂ ರಿಜಿಸ್ಟರಿನಲ್ಲೇ ಬರೆಯುತ್ತಾರೆ,
ಪೆನ್ಸಿಲಿನ ತುದಿ ನಾಲಗೆಗೆ ತಾಗಿಸಿ.

ನಾಲ್ವರನ್ನು ಆಟೋದಲ್ಲಿ ತುಂಬಿಕೊಂಡು
ಕಪನೂರಿನ ದಾಲ್‌ಮಿಲ್ಲಿಗೆ ಹೋದೆ.
"ಏನೇನ್ ಬೇಕ್ರಿ ನಿಮಗ?"
ಮಾಳಿಂಗರಾಯ ಕೇಳಿದ, ಹಾಳೆ ಹಿಡಿದು, ನಾನು ಕಲಿಸಿದಂತೆ.
ಮುನೀಮ ಗುಂಡೇರಾವ್ ಫ್ಯಾನಿನ ಕಡೆ ನೋಡಿದರು.
"ಏನೂ ಬ್ಯಾಡ.
ಈಗ ಹ್ಯಾಂಗ ನಡದದ, ಹಂಗೇ ನಡೀಲಿ.
ಖರೆ, ಜಲ್ದಿ ನಡೀಲಿ."
ಅದನ್ನು ಬರೆದುಕೊಳ್ಳಲು
ವಿಶ್ವವಿದ್ಯಾಲಯದ ನಮೂನೆಯಲ್ಲಿ ಜಾಗವಿರಲಿಲ್ಲ.

ಹನ್ನೊಂದು ವರ್ಷ ಬೋರ್ಡಿನ ಮೇಲೆ ಜಲಪಾತ ಬರೆದಿದ್ದೇನೆ,
ಡಬ್ಬಿಯಿಂದ ಡಬ್ಬಿಗೆ ಬಾಣ, ಮೇಲಿನಿಂದ ಕೆಳಕ್ಕೆ.
ಇಳಿದದ್ದು ಮತ್ತೆ ಹತ್ತುವುದಿಲ್ಲ ಅಂತ.
ಮಿಲ್ಲಿನ ನಲ್ಲಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ.
ಅದೂ ಮೇಲಕ್ಕೇ, ಮೋಟರು ಹಚ್ಚಿದರೆ.

ಬಿಲ್ಲು ಕನ್ನಡದಲ್ಲಿರಲಿ ಅಂದರು. ಮಾಡಿದರು.
ಮಾಲಕರ ಅಳಿಯ ಬಂದು ಇಂಗ್ಲಿಷ್ ಅಂದ.
ಹಮಾಲರ ಮುಖಂಡ ಹುಸೇನಪ್ಪ ಇಣುಕಿ,
"ಹಮಾಲಿ ಎಲ್ಲಿ ಹಿಡದೀರಿ ಇದ್ರಾಗ?"
ಎಲ್ಲೂ ಹಿಡಿದಿರಲಿಲ್ಲ.
ಮೂರಕ್ಕೆ ಕರೆಂಟು ಹೋಯಿತು, ಉಳಿಸದ ಮಧ್ಯಾಹ್ನವನ್ನೆಲ್ಲ ಕಟ್ಟಿಕೊಂಡು.

ಆಮೇಲೆ ಲೆಕ್ಕ ಕೂಡಲಿಲ್ಲ.
ಒಳಗೆ ಬಂದ ತೊಗರಿ ಇಷ್ಟು.
ಹೊರಗೆ ಹೋದ ಬೇಳೆ, ನುಚ್ಚು, ಚುನ್ನಿ, ಹೊಟ್ಟು,
ಬಿಸಿಲಿಗೆ ಆರಿದ ತೇವವನ್ನೂ ಸೇರಿಸಿ
ದಿನಾ ನಾಲ್ಕು ಕಿಲೋ ಕಡಿಮೆ.
ತೈಯಬಾ ಸಹರಿ ಮುಗಿಸಿ ಕೂತವಳು
ಸಾಲು ಸಾಲು ಬಿಚ್ಚಿ ಮತ್ತೆ ಹೊಲಿದಳು, ಮೂರು ಬೆಳಗು.
ಸೂರ್ಯಕಾಂತ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ,
"ನಾಲ್ಕು ಕೂಡಿಸಿಬಿಡೂನೇನ್ರಿ ಮೇಡಂ, ಯಾರ್ ನೋಡ್ತಾರ?"
ಬೈದೆ.
ಬೈಯುವ ಮುಂಚೆ ಒಂದು ಕ್ಷಣ
ನಾನೂ ಅದನ್ನೇ ಯೋಚಿಸಿದ್ದೆ.

ಜಗದೇವಿ ಯಾರಿಗೂ ಹೇಳದೆ
ಹತ್ತಕ್ಕೆ ಹೋಗುವ ಬದಲು ಸಂಜೆ ಆರಕ್ಕೆ ಹೋದಳು.
ಯಂತ್ರ ನಿಂತಿತ್ತು.
ಕಸ ಹೊಡೆಯುವ ಐವರು ಹೆಂಗಸರು
ನೆಲಕ್ಕೆ ಚೆಲ್ಲಿದ್ದನ್ನು ಕೇರಿ, ಕಲ್ಲು ಆರಿಸಿ,
ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು.
ಮುನೀಮರು ಗೋಡೆಯ ಕಡೆ ತಿರುಗಿ
ಕನ್ನಡಕ ಒರೆಸುತ್ತಿದ್ದರು,
ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.

ಮರುದಿನ ಕೆಂಪು ಖಾತೆಯ ಕೊನೆ ಪುಟ ತೆರೆದು ತೋರಿಸಿದರು.
ಧೂಳು, ನಾಲ್ಕು. ಧೂಳು, ನಾಲ್ಕು. ಹಬ್ಬದ ಮುಂದೆ ಐದು.
ಇಪ್ಪತ್ತಾರು ವರ್ಷದ ಧೂಳು, ಒಂದೇ ಕೈಬರಹ.
"ಕೇಳಿದ್ರ ಹೇಳ್ತಿದ್ದೆ," ಅಂದರು.
"ನೀವು ಏನ್ ಬೇಕು ಅಂದ್ರಿ. ಏನ್ ನಡದದ ಅನ್ಲಿಲ್ಲ."

ಚೀಲಗಳ ಮೇಲೆ ಕೂತು ನಾಲ್ವರೂ ಜಗಳಾಡಿದರು.
ನಷ್ಟ ಅಂತ ಬರೆದರೆ ಅಳಿಯನ ಫೋನಿನಲ್ಲಿ ಕೆಂಪಗೆ ಹೊಳೆಯುತ್ತದೆ.
ಬರೆಯದಿದ್ದರೆ ಲೆಕ್ಕ ಸುಳ್ಳು.
ತೂಕದ ಯಂತ್ರಕ್ಕೇ ಬಿಟ್ಟರೆ
ಅದಕ್ಕೆ ಗೋಡೆಯ ಕಡೆ ತಿರುಗಲು ಬರುವುದಿಲ್ಲ.
ನಾನು ಉತ್ತರ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ.
ಕಡೆಗೆ ತೈಯಬಾ ಖಾಲಿ ಕಾಲಂ ಒಂದನ್ನು ಇಟ್ಟಳು.
ಹೆಸರು ಧೂಳು. ತುಂಬುವವರು ಮುನೀಮರು, ಕೈಯಾರೆ.

ವೈವಾದ ದಿನ ಹೊರಗಿನ ಪರೀಕ್ಷಕರು
ಕರ್ಚೀಫಿನಿಂದ ಕತ್ತು ಒರೆಸಿಕೊಂಡು ಕೇಳಿದರು:
ಇದನ್ನು ಯಾಕೆ ಸ್ವಯಂಚಾಲಿತ ಮಾಡಿಲ್ಲ?
ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.
"ಗಿರಾಕಿ ಬ್ಯಾಡ ಅಂದಾರ್ರಿ ಸರ್," ಅಂದಳು ಜಗದೇವಿ.
ಮೂರು ಅಂಕ ಹೋದವು.

ಮೊನ್ನೆ ಗುಂಡೇರಾವ್ ಫೋನು:
ಬಿಲ್ಲಿನ ಕೊನೆ ಸಾಲು ಕಾಗದದ ಹೊರಗೆ ಹೊಂಟದ,
ಯಾರನ್ನರ ಕಳಸ್ರಿ.
ಅಂಕಪಟ್ಟಿ ಬಂದು ಹದಿನೇಳು ದಿನವಾಗಿತ್ತು.
ಮಾಳಿಂಗರಾಯ ಏನೂ ಕೇಳಲಿಲ್ಲ,
ಕಾರಿಡಾರಿನಲ್ಲಿದ್ದ ಸೈಕಲ್ಲಿನ ಗಾಳಿ ಒತ್ತಿ ನೋಡಿದ,
ಹೊರಟ.