ಕಾರಣ ಎಂಬ ಕಾಲಂ

ಕಪನೂರಿನ ದಾಲ್ ಮಿಲ್ಲು ಆರಿ ಎರಡು ದಿನ.
ಒಳಗೆ ಕಾಲಿಟ್ಟರೆ ಇನ್ನೂ ಹುರಿದ ತೊಗರಿಯ ವಾಸನೆ,
ಹಸಿವಾಗುತ್ತದೆ; ನಾಚಿಕೆಯೂ.

ನಂದಿಸುವವರು ನೀರು ಹೊಡೆದು ಹೋದರು.
ನಾನು ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು,
ಕಡಿಮೆ ಸುಟ್ಟಲ್ಲಿಂದ ಹೆಚ್ಚು ಸುಟ್ಟಲ್ಲಿಗೆ,
ಮಸಿಯಿಂದ ಬೂದಿಗೆ, ಬೂದಿಯಿಂದ ಬಿಳಿಚಿದ ಗೋಡೆಗೆ.
ಮಸಿಯೂ ನಿಲ್ಲಲಾರದಷ್ಟು ಕಾದ ಜಾಗ ಅದು.

ಆಫೀಸು ಕೋಣೆಯ ಬಲ್ಬು ಒಡೆದಿಲ್ಲ.
ಒಂದು ಮಗ್ಗುಲಿಗೆ ಉಬ್ಬಿದೆ, ಹಲ್ಲುನೋವಿನ ಕೆನ್ನೆಯ ಹಾಗೆ,
ಶಾಖ ಬಂದ ದಿಕ್ಕಿಗೆ.
ಆವತ್ತು ಮಿಲ್ಲಿನೊಳಗೆ
ಕಣ್ಣು ತಪ್ಪಿಸದ ಸಾಕ್ಷಿ ಅದೊಂದೇ.

"ಶಾರ್ಟ್ ಸರ್ಕ್ಯೂಟ್ ರೀ ಸಾಹೇಬ್ರ" ಅಂದರು ಮಾಲಕರು.
ನಾನಿನ್ನೂ ಜೇಬಿಂದ ಟಾರ್ಚು ತೆಗೆದಿರಲಿಲ್ಲ.
ಬೋರ್ಡು ನೋಡಿದೆ: ವೈರು ಹೊರಗಿಂದ ಸುಟ್ಟಿವೆ,
ತಾಮ್ರ ಎಲ್ಲೂ ಕರಗಿ ಮಣಿ ಕಟ್ಟಿಲ್ಲ.

ಜಾಡು ಎಲಿವೇಟರಿನ ಬುಡಕ್ಕೆ ತಂದು ನಿಲ್ಲಿಸಿತು.
ಬೂದಿ ಜರಡಿ ಹಿಡಿದೆ: ಮೂರು ಬೋಲ್ಟು, ಒಂದು ಬಳೆಚೂರು,
ನೀಲಿಗಟ್ಟಿದ ಬೇರಿಂಗು.
ನೀಲಿಯೆಂದರೆ ನವಿಲಿನ ಕುತ್ತಿಗೆಯ ನೀಲಿ,
ಉಕ್ಕು ಬಹಳ ಹೊತ್ತು ಒಳಗೇ ಉರಿ ನುಂಗಿಕೊಂಡಾಗ ಬರುವ ಬಣ್ಣ.

ಗೇಟಿನಾಚೆ ಬೇವಿನ ನೆರಳಲ್ಲಿ ಜಗದೇವಿ,
ಕೆಲಸವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಬಂದು
ಬುತ್ತಿ ಬಿಚ್ಚದೆ ಕೂತವಳು.
ಬಳೆಚೂರು ನೋಡಿ "ನಂದೇ ರೀ, ಹ್ವಾದ ವಾರ ಒಡೀತು" ಎಂದಳು.
ಆಮೇಲೆ, ನಾನು ಕೇಳದೆಯೇ:
"ನಾಕ ದಿನದಿಂದ ಕಿರ್ರ್ ಅನ್ಲತ್ತಿತ್ತು ರೀ ಅದು.
ಎಣ್ಣಿ ಬಿಡ್ರೀ ಅಂದೆ.
ನೀ ಬ್ಯಾಳಿ ಹಸನ ಮಾಡು, ಮಷೀನಿನ ಮಾತು ನಿನಗ್ಯಾಕ ಅಂದ್ರು."

ನಮೂನೆಯಲ್ಲಿ ಕಾರಣಕ್ಕೆ ಅರ್ಧ ಗೆರೆ ಜಾಗ.
ಮೋಯಿನುದ್ದೀನ್ ಮೊದಲೇ ಟೈಪ್ ಮಾಡಿಟ್ಟಿರುತ್ತಾನೆ
ಶಾರ್ಟ್ ಸರ್ಕ್ಯೂಟ್ ಎಂದು,
ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ
ಮಾಸ್ತರು ಜೂನ್ ಒಂದು ಅಂತ ಬರೆದ ಹಾಗೆ.
ನನ್ನದೂ ಜೂನ್ ಒಂದೇ.

ಹೊಡೆದು ಹಾಕಿ ಬರೆದೆ: ಎಣ್ಣೆ ಕಾಣದ ಬೇರಿಂಗು.
ಪಕ್ಕದ ಅಂಚಿನಲ್ಲಿ, ಜಾಗವಿಲ್ಲದಲ್ಲಿ:
ಮುನ್ಸೂಚನೆ ಇತ್ತು. ಕೊಟ್ಟವರು ಜಗದೇವಿ, ದಿನಗೂಲಿ.

ಅಷ್ಟರಲ್ಲಿ ಕಿವಿಗೆ ಬಿತ್ತು,
ತಲೆಯ ಮೇಲೆ ಇಲಾಖೆಯ ಫ್ಯಾನು
ಯಾವಾಗಿನಿಂದ ಹೀಗೆ ಕಿರ್ರ್ ಎನ್ನುತ್ತಿದೆ?
ಮೇ ತಿಂಗಳು. ಹೊರಗೆ ನಲವತ್ತಮೂರು.
ಎದ್ದು ಸ್ವಿಚ್ಚು ಆರಿಸಿದೆ.
ಮೋಯಿನುದ್ದೀನ್ ತಲೆಯೆತ್ತಿ ನೋಡಿದ,
ಏನೂ ಅನ್ನದೆ
ಕರವಸ್ತ್ರ ತೆಗೆದ.