ಒಂದು ಮೊಳ

ಝುವಾರಿನಗರದ ಗುಡ್ಡದ ಮೇಲೆ ಬೆಳಗಿನ ನಾಲ್ಕಕ್ಕೆ
ನಳ ಕೆಮ್ಮುತ್ತದೆ.
ಮೊದಲು ಗಾಳಿ, ಆಮೇಲೆ ತುಕ್ಕು, ಆಮೇಲೆ ನೀರು.
ತುಕ್ಕಿನ ಪರಿಚಯ ನನಗುಂಟು:
ವಾಸ್ಕೋದ ಹಡಗುಕಟ್ಟೆಯಲ್ಲಿ ಹತ್ತೊಂಬತ್ತು ವರ್ಷ
ಯಾರ್ಯಾರದೋ ಹಡಗಿನ ಹೊಟ್ಟೆ ಕೆರೆದಿದ್ದೇನೆ,
ಒಂದನ್ನೂ ಹತ್ತಿದವನಲ್ಲ.

ಪಂಚಾಯತಿಯ ಮಿನೇಜಿಸ್ ಬಾಯಿ ಕೆಟ್ಟವಳೇನಲ್ಲ.
ಕನ್ನಡಕ ಒರೆಸುತ್ತ ಕೇಳಿದಳು:
ಹದಿನೈದು ವರ್ಷ ಇಲ್ಲೇ ಇದ್ದುದಕ್ಕೆ ಪುರಾವೆ?
ಅಂಗೈ ತೋರಿಸಬಹುದಿತ್ತು.
ಮನೆ ಕೆಡವಿದ ದಿನ ಕಾಗದ ಗೋಡೆಯ ಗೂಡಿನಲ್ಲಿತ್ತು,
ಗೋಡೆ ಲಾರಿಯಲ್ಲಿತ್ತು.
ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೊಂದು ಗೆರೆ.
ಮೆಟ್ಟಿಲಿಳಿಯುವಾಗ ಬೆಂಚಿನವನು
ಪಕ್ಕದವನಿಗೆ ಮೆಲ್ಲಗೆ ಅಂದ: ಘಾಟಿ.
ಘಟ್ಟ ಇಳಿದು ಬಂದವನು, ಅಷ್ಟೇ ಅರ್ಥ.
ಅಷ್ಟೇ ಆಗಿದ್ದರೆ
ಮೆಲ್ಲಗೆ ಯಾಕೆ ಅನ್ನಬೇಕಿತ್ತು?

ಭಾಯ್ಲೊ ಅನ್ನುತ್ತದೆ ಕೊಂಕಣಿ. ಹೊರಗಿನವನು.
ಆ ಮಾತು ನನಗೆ ಅವರು ಕಲಿಸಬೇಕಿರಲಿಲ್ಲ.
ಗುಳೇದಗುಡ್ಡದ ಆಚೆ ನಮ್ಮೂರಲ್ಲಿ
ಅವ್ವ ತಿಂಗಳಿಗೆ ಮೂರು ದಿನ ಹೊರಗೆ,
ದನದ ಗ್ವಾದಲಿಯ ಪಕ್ಕ, ಬೇರೆ ತಾಟು, ಬೇರೆ ಕೌದಿ.
ಮನೆಗೆ ಹೊರಗಿತ್ತು, ಊರಿಗೂ ಹೊರಗಿತ್ತು,
ಅಲ್ಲಿಂದ ಬಂದ ದುರಗಪ್ಪನ ಬೊಗಸೆಗೆ
ನಾನೇ ನೀರು ಹೊಯ್ದೆ, ಏಳು ವರ್ಷದವನು,
ಕಟ್ಟೆ ಹತ್ತಿ ನಿಂತು, ಒಂದು ಮೊಳ ಎತ್ತರದಿಂದ.
ಅಮ್ಮಾಯಿ ತಲೆ ಸವರಿದಳು:
ಜಾಣ! ಒಂದು ಹನಿ ಸಿಡಿಯಲಿಲ್ಲ.

ಆ ಒಂದು ಮೊಳ
ನಮ್ಮ ಜೊತೆಗೇ ಮಡಗಾಂವ್ ಬಸ್ಸು ಹತ್ತಿ ಬಂದಿದೆ,
ಟಿಕೆಟ್ಟಿಲ್ಲದೆ.
ಅದಕ್ಕೆ ಯಾರೂ ಪುರಾವೆ ಕೇಳಲಿಲ್ಲ.
ನಳದ ಸಾಲಿನಲ್ಲಿ ನಾವೆಲ್ಲರೂ ಘಾಟಿಗಳೇ,
ಆದರೂ ದುರಗಪ್ಪನ ಮೊಮ್ಮಗಳು ಮಲಕವ್ವನ ಕೊಡ
ಕೊನೆಗೆ. ಯಾರೂ ಹೇಳಿದ್ದಲ್ಲ.
ನನ್ನ ಹೆಂಡತಿ ತನ್ನ ಕೊಡವನ್ನು
ಕಾಲಿನಿಂದ ಸ್ವಲ್ಪ ಸರಿಸುತ್ತಾಳೆ, ಮಾತಾಡುತ್ತಲೇ,
ನಗುತ್ತಲೇ.

ಇವತ್ತು ಅವಳಿಗೆ ಜ್ವರ. ನಾನು ಹೋದೆ.
ಹೆಸರು ಕಳಕೊಂಡ ಸಿಟ್ಟೋ ಏನೋ,
ಮಲಕವ್ವನ ನೀಲಿ ಪ್ಲಾಸ್ಟಿಕ್ ಕೊಡ ಎತ್ತಿ ತಂದು
ನನ್ನ ತಾಮ್ರದ ಕೊಡದ ಮುಂದಿಟ್ಟೆ.
ಎರಡೂ ತಾಗಿದವು. ಸಾಲು ಸುಮ್ಮನಾಯಿತು.

ಆಕೆ ನನ್ನನ್ನು ನೋಡಲಿಲ್ಲ, ಕೊಡವನ್ನು ನೋಡಿದಳು.
ಬ್ಯಾಡ್ರಿ ಕಾಕಾ, ಅಂದಳು,
ಆಮ್ಯಾಲ ಮನ್ಯಾಗ ಅಕ್ಕಾರು
ಹುಣಸೇಹಣ್ಣು ಹಚ್ಚಿ ತಿಕ್ಕೋದ ತಿಕ್ಕೋದು.
ಜ್ವರದಾಗ ಯಾಕ್ ಪಾಪ.

ಕೊಡ ಎತ್ತಿಕೊಂಡು ಹಿಂದೆ ಹೋದಳು.
ನೀರು ಬಂತು.
ನನ್ನದು ತುಂಬಿತು.
ಒಂದು ಹನಿ ಸಿಡಿಯಲಿಲ್ಲ.