ಎಂಟರ ಪಕ್ಕ

ಸ್ಪೈಟ್ಸ್‌ಟೌನಿನ ರಮ್ಮಿನಂಗಡಿ. ಕಡಲ ಕಡೆಯ ಗೋಡೆಗೆ
ದೋಣಿಗೆ ಬಳಿದು ಮಿಕ್ಕ ನೀಲಿಯಲ್ಲಿ
ಕ್ಲೇರ್‌ಮಾಂಟ್ ಬರೆದ: 75. ಆಳೆತ್ತರ.
ನಾಲ್ಕು ವರ್ಷಕ್ಕೆ 79, ಒತ್ತಿಕೊಂಡೇ.

ಮುಂದಿನ ಸಲ ಬೇಕಾದದ್ದು ನೂರಾ ಎಂಬತ್ತನಾಲ್ಕು.
ಅದೇನು ಮಹಾ ಎಂದು
ಆಟ ಮುಗಿಯುವ ಮೊದಲೇ ಏಣಿ ಹತ್ತಿ
ಎಂಟು ಬರೆದುಬಿಟ್ಟಿದ್ದ.
ರೇಡಿಯೋ ಕಿವಿ ಹಿಂಡಿ ಇಳಿದವನು
ಕುಂಚ ತೊಳೆಯಲಿಲ್ಲ.

ಆಮೇಲೆಲ್ಲ ಬೇರೆಯವರ ವರ್ಷಗಳು.
ಲಾಹೋರಿನಲ್ಲಿ ಲಂಕೆ ಗೆದ್ದ ದಿನ ಮಾತ್ರ
‘ಅವರೂ ದ್ವೀಪದವರೇ ತಾನೇ’ ಎಂದು
ಎಲ್ಲರಿಗೂ ಒಂದು ಸುತ್ತು ಪುಕ್ಕಟೆ ಸುರಿದ.

ಎರಡು ಸಾವಿರದ ನಾಲ್ಕು, ಲಂಡನ್ನು, ಸೆಪ್ಟೆಂಬರ್:
ಚೆಂಡು ಕಾಣದ ಮಬ್ಬಿನಲ್ಲಿ
ನಮ್ಮೂರ ಕಡೆಯ ಇಬ್ಬರು ಹುಡುಗರು
ಒಂಬತ್ತನೆಯ ಜೋಡಿ, ಕತ್ತಲಲ್ಲಿ ಗೆದ್ದ ಕಪ್ಪು!
ಮಗಳು ವೆರೋನಾ ಬಣ್ಣ ಕಲಸಿದಳು.
‘ಅದು ಬೇರೆ ಲೆಕ್ಕ,’ ಎಂದ ಮುದುಕ,
‘ಬಾಗಿಲ ಮೇಲೆ ಬರಿ. ಅಲ್ಲಿ ಬೇಡ.’

ಈಗ ಅವನಿಲ್ಲ.
ವಿಶ್ವಕಪ್ಪಿಗೆ ನಮಗೆ ಪ್ರವೇಶವೂ ಇಲ್ಲದ ವರ್ಷ ಬಂದು ಹೋಯಿತು,
ಡಾಮಿನೋ ಮೇಜಿನವರು ತಲೆ ಎತ್ತಲಿಲ್ಲ.
ಎಂಟರ ಪಕ್ಕದ ಖಾಲಿಯಲ್ಲಿ ವೆರೋನಾ
ದಿನಾ ಸೀಮೆಸುಣ್ಣದಲ್ಲಿ ಹಾರುಮೀನಿನ ದರ ಬರೆಯುತ್ತಾಳೆ.

ಇವತ್ತು ಒಂದಕ್ಕೆ ಮೂರು ಡಾಲರು.
ಬರೆದಳು. ಹಿಂದೆ ಸರಿದು ನೋಡಿದಳು.
ಅಂಗೈಯಲ್ಲಿ ಒರೆಸಿ
ಎರಡೂವರೆ ಮಾಡಿದಳು.